ಹುಳವಿಲ್ಲದ ಅತ್ತಿಹಣ್ಣು

ಮಕ್ಕಳೇ, ಈ ಕತೆ ಹೇಳಲು ಕೂತಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಈಗಲೂ ಬಂದಿದೆ. ಇದರಲ್ಲಿ ಬರುವ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಆದರೆ ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಜೀವ ಇಟ್ಟವನು, ದುಡಿಯುವವನು, ಆದರೆ ತನಗೆ ಎಲ್ಲ ಗೊತ್ತು ಎಂದುಕೊಂಡವನು. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ಕಾಡು. ಕಾಡಿನ ನಡುವೆ ಒಂದು ಹಳ್ಳ. ಹಳ್ಳದ ದಂಡೆಯಲ್ಲಿ ಮೂರು ಅತ್ತಿಮರಗಳಿದ್ದವು. ಮೂರೂ ಒಟ್ಟಿಗೆ ಹಣ್ಣು ಬಿಡುತ್ತಿರಲಿಲ್ಲ. ಮೊದಲ ಮರದ ಹಣ್ಣು ಕೆಂಪಾಗುವ ಹೊತ್ತಿಗೆ ಎರಡನೆಯದರಲ್ಲಿ ಎಳೆಕಾಯಿ ಮೂಡುತ್ತಿತ್ತು, ಎರಡನೆಯದು ಹಣ್ಣಾಗುವಾಗ ಮೂರನೆಯದರ ಸರದಿ. ಬೇಸಿಗೆಯಲ್ಲಿ ಬೇರೆ ಮರಗಳೆಲ್ಲ ಒಣಗಿ ನಿಂತಾಗಲೂ ಈ ಮೂರು ಮರಗಳಲ್ಲಿ ಒಂದಾದರೂ ಊಟ ಹಾಕುತ್ತಿತ್ತು. ಮುಸುವ ಮಂಗಗಳು, ಕೆಂದಳಿಲು, ಹಸಿರು ಪಾರಿವಾಳಗಳು ಎಲ್ಲ ಮೇಲೆ ಕೂತು ತಿನ್ನುತ್ತಿದ್ದವು. ಕೆಳಗೆ ಬಿದ್ದದ್ದು ಕಾಡುಹಂದಿಗೆ, ನೀರಿಗೆ ಬಿದ್ದದ್ದು ಮೀನಿಗೆ.

ಅತ್ತಿಹಣ್ಣನ್ನು ಒಡೆದು ನೋಡಿದ್ದೀರಲ್ಲ? ಒಳಗೆ ಸಾಸಿವೆಗಿಂತ ಸಣ್ಣ ರೆಕ್ಕೆಹುಳಗಳು ಓಡಾಡುತ್ತಿರುತ್ತವೆ. ಆ ಕಾಡಿನಲ್ಲಿ ಅವನ್ನು ಅತ್ತಿಹುಳ ಎನ್ನುತ್ತಿದ್ದರು. ಯಾರೂ ಅದಕ್ಕೆ ಮೂಗು ಮುರಿದವರಲ್ಲ. ಹಣ್ಣಿನ ಜೊತೆ ಹುಳವೂ ಹೊಟ್ಟೆಗೆ ಹೋಗುತ್ತಿತ್ತು, ಅಷ್ಟೇ.

ಹಳ್ಳದ ಆಚೆ ಒಂದು ದೊಡ್ಡ ತಾರೆಮರ. ಅದರ ಪೊಟರೆಯಲ್ಲಿ ಕಿರೀಟಪ್ಪ, ಹೊನ್ನವ್ವ ಎಂಬ ಮಂಗಟ್ಟೆ ದಂಪತಿಯ ಸಂಸಾರ. ಮಂಗಟ್ಟೆಗಳದ್ದು ವಿಚಿತ್ರ ಪದ್ಧತಿ, ಕೇಳಿ. ಮೊಟ್ಟೆ ಇಡುವ ಕಾಲ ಬಂದಾಗ ಹೆಣ್ಣು ಪೊಟರೆಯೊಳಗೆ ಹೋಗಿ ಕೂರುತ್ತದೆ. ಆಮೇಲೆ ಪೊಟರೆಯ ಬಾಯಿಗೆ ಗೋಡೆ ಕಟ್ಟುತ್ತಾರೆ, ಕೊಕ್ಕು ತೂರುವಷ್ಟು ಒಂದು ಸೀಳು ಮಾತ್ರ ಬಿಡುತ್ತಾರೆ. ಒಳಗಿರುವಾಗ ಹೆಣ್ಣಿನ ರೆಕ್ಕೆಯ ಉದ್ದ ಗರಿಗಳೆಲ್ಲ ಉದುರಿ ಹೊಸದು ಬರಬೇಕು, ಅಲ್ಲಿಯವರೆಗೆ ಅದಕ್ಕೆ ಹಾರಲು ಬರುವುದಿಲ್ಲ. ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ಒಂದೊಂದಾಗಿ ಕೊಡಬೇಕು. ತಂದರೆ ತಾಯಿಗೂ ಮರಿಗೂ ಊಟ. ತರದಿದ್ದರೆ ಇಬ್ಬರಿಗೂ ಉಪವಾಸ.

ಆ ವರ್ಷವೂ ಹೊನ್ನವ್ವ ಒಳಗೆ ಕೂತು ಒಂದು ಮೊಟ್ಟೆ ಇಟ್ಟಳು. ಕಿರೀಟಪ್ಪ ದಿನಕ್ಕೆ ಹತ್ತು ಸಲ ಗಂಟಲ ತುಂಬ ಅತ್ತಿಹಣ್ಣು ತುಂಬಿಕೊಂಡು ಬರುತ್ತಿದ್ದ. ಎಲ್ಲ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ಮೊದಲ ಅತ್ತಿಮರದಲ್ಲಿ ಅವನು ಹಣ್ಣು ಆರಿಸುವಾಗ ಒಂದು ಹಣ್ಣು ಕೊಕ್ಕಿನಲ್ಲೇ ಒಡೆಯಿತು. ಹುಳಗಳು ಹೊರಗೆ ಹರಿದವು. ಪಕ್ಕದ ಕೊಂಬೆಯಲ್ಲಿ ಕೂತಿದ್ದ ಮುಸುವ, ತಾನೂ ಅದೇ ಹಣ್ಣನ್ನು ಬಾಯಿ ತುಂಬ ತುರುಕಿಕೊಂಡಿದ್ದವನು, ಹಲ್ಲು ಕಿರಿದು ನಕ್ಕ.

"ಏನಪ್ಪಾ ಕಿರೀಟಪ್ಪ, ಇಷ್ಟು ದೊಡ್ಡ ಕೊಕ್ಕು ಇಟ್ಕೊಂಡು ಬಾಣಂತಿಗೆ ಹುಳ ತಿನ್ನಿಸ್ತೀಯಾ?"

ಮುಸುವನಿಗೆ ಅದು ಹೊತ್ತು ಹೋಗದ ಮಾತು. ಕಿರೀಟಪ್ಪನಿಗೆ ಮಾತ್ರ ಅದು ನಾಟಿತು. ನಾಲ್ಕು ಜನರ ಮುಂದೆ ಮರ್ಯಾದೆ ಹೋಯಿತು ಎಂದುಕೊಂಡ. ಅವತ್ತಿನಿಂದ ಪ್ರತಿ ಹಣ್ಣನ್ನೂ ಒಡೆದು ನೋಡತೊಡಗಿದ. ಪ್ರತಿ ಹಣ್ಣಿನಲ್ಲೂ ಹುಳ ಇತ್ತು. ತನ್ನ ಹೆಂಡತಿ ಇನ್ನು ಮೇಲೆ ಹುಳವಿಲ್ಲದ ಹಣ್ಣನ್ನೇ ತಿನ್ನಬೇಕು, ಅದನ್ನು ಇಡೀ ಕಾಡು ನೋಡಬೇಕು ಎಂದು ತೀರ್ಮಾನಿಸಿಬಿಟ್ಟ.

ಮೊದಲ ಅತ್ತಿಮರದ ತೂತಿನಲ್ಲಿ ಒಬ್ಬಳು ಮುದಿ ಕುಟ್ರುಹಕ್ಕಿ ಇದ್ದಳು. ಎಲ್ಲರೂ ಅವಳನ್ನು ಕುಟ್ರಜ್ಜಿ ಎನ್ನುತ್ತಿದ್ದರು. ಹುಟ್ಟಿದ್ದೇ ಅತ್ತಿಮರದಲ್ಲಿ, ಅದರ ಸಂಗತಿ ಅವಳಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ಕಿರೀಟಪ್ಪ ಅವಳ ಬಳಿ ಹೋಗಿ ಈ ಹುಳ ಹಣ್ಣಿನೊಳಗೆ ಎಲ್ಲಿಂದ ಬರುತ್ತದೆ ಎಂದು ಕೇಳಿದ. ಅವಳು ಸುಳ್ಳು ಹೇಳಲಿಲ್ಲ. ಒಂದು ಮರದ ಹಣ್ಣಿನಲ್ಲಿ ಹುಟ್ಟಿದ ಹುಳ ಹಾರಿ ಇನ್ನೊಂದು ಮರದ ಎಳೆಕಾಯಿಗೆ ಹೋಗುತ್ತದೆ, ಕಾಯಿಯ ತುದಿಯಲ್ಲಿ ಒಂದು ಸಣ್ಣ ಬಾಯಿ ಇರುತ್ತದೆ, ಅದರೊಳಗೆ ನುಗ್ಗಿ ಮೊಟ್ಟೆ ಇಡುತ್ತದೆ ಎಂದಳು.

"ಹಾಗಾದರೆ ಆ ಬಾಯಿಗೆ ಕಾವಲು ಹಾಕಿದರೆ ಆಯಿತು," ಎಂದ ಕಿರೀಟಪ್ಪ.

"ಬೇಡ ಕಣಪ್ಪ," ಎಂದಳು ಕುಟ್ರಜ್ಜಿ. "ಹುಳ ಹೋಗದೆ ಇರೋ ಕಾಯಿ ಹಣ್ಣಾಗಿದ್ದನ್ನ ನಾನಂತೂ ನೋಡಿಲ್ಲ. ಅದು ಒಳಗೆ ಹೋದಮೇಲೇ ಕಾಯಿ ಬೆಳೆಯೋದು."

ಕಿರೀಟಪ್ಪ ನಕ್ಕ. ಅಜ್ಜಿಗೆ ವಯಸ್ಸಾಗಿದೆ, ಹುಳ ತಿಂದು ತಿಂದು ರುಚಿ ಹತ್ತಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡ. ಹುಳ ಹಣ್ಣನ್ನು ಹಾಳು ಮಾಡುತ್ತದೆಯೇ ಹೊರತು ಹಣ್ಣು ಮಾಡುತ್ತದೆಯೇ? ನೋಡಿ, ತಿಳಿದವರ ಮಾತು ಕೇಳಿಯೂ ನಗುವವರು ಇದ್ದಾರಲ್ಲ, ಅವರಿಂದಲೇ ಅರ್ಧ ಅನಾಹುತ ಆಗುವುದು.

ಎರಡನೆಯ ಅತ್ತಿಮರದಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪು ಚಗಳಿ ಇರುವೆಗಳಿದ್ದವು. ಒಂದು ಕಚ್ಚಿದರೆ ಕಣ್ಣಲ್ಲಿ ನೀರು ಬರಬೇಕು, ಅಂಥ ಇರುವೆಗಳು. ಕಿರೀಟಪ್ಪ ಅವರ ದಂಡಿನ ಹಿರಿಯಳನ್ನು ಕರೆದು ಒಪ್ಪಂದ ಮಾಡಿಕೊಂಡ. ಮರದ ತುಂಬ ಮೂಡುತ್ತಿರುವ ಎಳೆಕಾಯಿಗಳಿಗೆ ಇರುವೆಗಳು ಕಾವಲು ನಿಲ್ಲಬೇಕು, ಬಂದ ಅತ್ತಿಹುಳವನ್ನೆಲ್ಲ ಹಿಡಿದು ತಿನ್ನಬೇಕು. ಹಿರಿಯಳು ಕುಡಿಮೀಸೆ ಅಲ್ಲಾಡಿಸಿ ಯೋಚಿಸಿದಳು. ತಿನ್ನಲು ಕೊಟ್ಟರೆ ಬೇಡ ಎನ್ನುವ ಇರುವೆ ಎಲ್ಲಿದೆ? ಆದರೂ ಒಂದು ಷರತ್ತು ಹಾಕಿದಳು. ಮರಕುಟಿಗ ಕೆಂಚಣ್ಣನ ಕುಟುಂಬ ದಿನಾ ಬಂದು ಗೂಡು ಕೆದಕಿ ಇರುವೆಗಳನ್ನು ತಿನ್ನುತ್ತಿತ್ತು, ಅದು ಈ ಕಡೆ ತಲೆ ಹಾಕಬಾರದು.

ಕಿರೀಟಪ್ಪ ಅವತ್ತೇ ಹೋಗಿ ಕೆಂಚಣ್ಣನಿಗೆ ಕೊಕ್ಕು ತೋರಿಸಿದ. ಕೆಂಚಣ್ಣ ಅವನ ಹಳೆಯ ನೆರೆಯವ. ಯಾಕಣ್ಣ, ನಾನೇನು ಮಾಡಿದೆ ಎಂದು ಕೇಳಿದವನನ್ನು ರೆಕ್ಕೆ ಬೀಸಿ ಬೀಸಿ ಓಡಿಸಿದ. ಮರಕುಟಿಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎರಡು ಗುಡ್ಡ ದಾಟಿ ಹೋದ.

ಮಾರನೆಯ ದಿನದಿಂದ ಕಾವಲು ಶುರು. ಮೊದಲ ಮರದ ಹಣ್ಣುಗಳಿಂದ ಅತ್ತಿಹುಳಗಳು ಹೊಗೆಯ ಹಾಗೆ ಎದ್ದು ಎರಡನೆಯ ಮರಕ್ಕೆ ಬಂದವು. ಪ್ರತಿ ಕಾಯಿಯ ಬಾಯಲ್ಲೂ ಎರಡು ಮೂರು ಇರುವೆ. ಕಿರೀಟಪ್ಪ ಕೊಂಬೆಯ ಮೇಲೆ ಕೂತು ಮೇಲ್ವಿಚಾರಣೆ ಮಾಡುತ್ತಿದ್ದ. ಒಂದು ಹೆಣ್ಣುಹುಳ ಇರುವೆಗಳಿಂದ ತಪ್ಪಿಸಿಕೊಂಡು ಅವನ ಕೊಕ್ಕಿನ ಮೇಲೇ ಕೂತಿತು.

"ಅಣ್ಣಾ, ನನಗಿರೋದು ಇವತ್ತೊಂದೇ ದಿನ," ಎಂದಿತು. "ಆ ಬಾಯಿ ಎಷ್ಟು ಇಕ್ಕಟ್ಟು ಅಂದರೆ ನುಗ್ಗುವಾಗಲೇ ನನ್ನ ರೆಕ್ಕೆ ಕಿತ್ತುಹೋಗುತ್ತೆ. ಮತ್ತೆ ಹೊರಗೆ ಬರೋದಿಲ್ಲ. ಒಳಗೆ ಮೊಟ್ಟೆ ಇಟ್ಟು ಅಲ್ಲೇ ಇದ್ದುಬಿಡ್ತೀನಿ. ಒಂದೇ ಒಂದು ಕಾಯಿ ಬಿಡಿ."

"ಇದು ನನ್ನ ಹೆಂಡತಿಯ ಊಟ. ನಿನ್ನ ಬಾಣಂತಿ ಕೋಣೆ ಅಲ್ಲ," ಎಂದ ಕಿರೀಟಪ್ಪ. ಕೊಕ್ಕು ಕೊಡವಿದ. ಹುಳ ಇರುವೆಗಳ ನಡುವೆ ಬಿತ್ತು.

ಸಂಜೆ ಈ ಸಂಗತಿಯನ್ನು ಅವನು ಹೆಂಡತಿಗೆ ಸೀಳಿನ ಮೂಲಕ ಬಲು ಜಂಬದಿಂದ ಹೇಳಿದ. ಹೊನ್ನವ್ವ ಕತ್ತಲೆಯಲ್ಲಿ ಮೊಟ್ಟೆಯ ಮೇಲೆ ಕೂತು ಎಲ್ಲ ಕೇಳಿದಳು.

"ರೀ, ಆ ಹುಳಾನೂ ನನ್ನ ಹಾಗೇ ಅಲ್ವಾ?" ಎಂದಳು. "ರೆಕ್ಕೆ ಬಿಟ್ಟು, ಒಳಗೆ ಹೋಗಿ, ಮೊಟ್ಟೆ ಇಡೋದು. ಅದನ್ನ ಯಾಕೆ ತಡೀತೀರಿ? ನನಗೆ ಹುಳದಿಂದ ಏನೂ ತೊಂದರೆ ಇಲ್ಲ. ಇಷ್ಟು ವರ್ಷ ಅದನ್ನೇ ತಿಂದಿದ್ದೀನಿ."

ನೀನು ಒಳಗಿರುವವಳು, ನಿನಗೆ ಹೊರಗಿನ ವಿಷಯ ಗೊತ್ತಾಗುವುದಿಲ್ಲ, ಸುಮ್ಮನಿರು ಎಂದ ಅವನು. ಹೊನ್ನವ್ವ ಸುಮ್ಮನಾದಳು. ಗೋಡೆಯೊಳಗೆ ಇರುವವಳು ಇನ್ನೇನು ಮಾಡಬೇಕಿತ್ತು, ಹೇಳಿ.

ಮೂರು ವಾರ ಹೋಯಿತು. ಮೊದಲ ಮರದ ಹಣ್ಣು ಮುಗಿಯುತ್ತ ಬಂತು. ಎರಡನೆಯ ಮರದಲ್ಲಿ ಸಾವಿರಾರು ಕಾಯಿಗಳು ಹಸಿರಾಗಿ, ದುಂಡಗೆ, ಒಂದು ಹುಳವೂ ಇಲ್ಲದೆ ನಿಂತಿದ್ದವು. ಕಿರೀಟಪ್ಪ ಎಲ್ಲರನ್ನೂ ಕರೆದು ತೋರಿಸಿದ. ಮುಸುವನನ್ನಂತೂ ಮೊದಲು ಕರೆದ. ಒಂದು ಕಾಯಿ ಒಡೆದು ತೋರಿಸಿ, ನೋಡು, ಎಷ್ಟು ಚೊಕ್ಕಟ ಎಂದ. ಮುಸುವ ಭೇಷ್ ಎಂದು ತಲೆದೂಗಿದ.

ಅದೇ ವಾರ ಹೊನ್ನವ್ವನ ಮೊಟ್ಟೆ ಒಡೆದು ಮರಿ ಹೊರಬಂತು. ಅದೇ ವಾರ ಎರಡನೆಯ ಮರದ ಕಾಯಿಗಳು ಉದುರತೊಡಗಿದವು. ಹಣ್ಣಾಗಿ ಅಲ್ಲ. ಹಸಿರು ಹಸಿರಾಗಿ, ಸುಕ್ಕುಗಟ್ಟಿ, ಪಟಪಟ ಉದುರಿದವು. ಮೂರೇ ದಿನದಲ್ಲಿ ಮರ ಬೋಳಾಯಿತು. ಕೆಳಗೆ ಬಿದ್ದದ್ದನ್ನು ಹಂದಿ ಮೂಸಿ ನೋಡಿ ಹಾಗೇ ಬಿಟ್ಟು ಹೋಯಿತು.

ಕುಟ್ರಜ್ಜಿ ಬಂದು ನೋಡಿದಳು. ಹುಳ ಕಾಯಿಯೊಳಗೆ ಹೋಗಿ ಅಲ್ಲಿರುವ ಸಣ್ಣ ಹೂಗಳಿಗೆ ಹೂವಿನ ಪುಡಿ ಮುಟ್ಟಿಸದಿದ್ದರೆ ಅತ್ತಿಯಲ್ಲಿ ಬೀಜ ಕಟ್ಟುವುದಿಲ್ಲ, ಬೀಜ ಕಟ್ಟದ ಕಾಯಿಯನ್ನು ಮರ ಇಟ್ಟುಕೊಳ್ಳುವುದಿಲ್ಲ ಎಂದು ಈಗ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಈ ಮರದಲ್ಲಿ ಹುಳ ಹುಟ್ಟಲಿಲ್ಲ, ಆದ್ದರಿಂದ ಮೂರನೆಯ ಮರಕ್ಕೆ ಹೋಗಲು ಹುಳವೇ ಇಲ್ಲ ಎಂದೂ ಹೇಳಿದಳು.

ಆಮೇಲೆ ನಡೆದದ್ದನ್ನು ಕೇಳಿ. ಬೇಸಿಗೆ ಸುಡುತ್ತಿದೆ, ಬೇರೆಲ್ಲೂ ಹಣ್ಣಿಲ್ಲ. ಹಸಿರು ಪಾರಿವಾಳಗಳು ಒಂದು ಬೆಳಿಗ್ಗೆ ಎದ್ದು ಹೊರಟವು, ಹಿಂತಿರುಗಲಿಲ್ಲ. ಕೆಂದಳಿಲು ತೊಗಟೆ ಕೆರೆದು ತಿಂದಿತು. ಪುನುಗು ಬೆಕ್ಕು, ಹಣ್ಣು ತಿಂದು ತನ್ನ ಪಾಡಿಗೆ ತಾನು ಮಲಗುತ್ತಿದ್ದದ್ದು, ಈಗ ಗೂಡು ಗೂಡು ಹುಡುಕಿ ಹಕ್ಕಿಗಳ ಮೊಟ್ಟೆ ಕದಿಯಿತು. ಹಳ್ಳದ ಮೀನು ಬಡಕಲಾಯಿತು. ಎಲ್ಲರಿಗಿಂತ ಹೆಚ್ಚು ಬೊಬ್ಬೆ ಹೊಡೆದವನು ಯಾರು ಗೊತ್ತೇ? ಮೊದಲು ಹಲ್ಲು ಕಿರಿದ ಆ ಮುಸುವ. ನಮ್ಮ ಅನ್ನಕ್ಕೆ ಕಲ್ಲು ಹಾಕಿದವನು ಇವನೇ ಎಂದು ಕಿರೀಟಪ್ಪನ ಕಡೆ ಕೈ ತೋರಿಸುತ್ತ ಕೂತ. ತಾನು ಭೇಷ್ ಎಂದದ್ದು ಅವನಿಗೆ ಮರೆತೇ ಹೋಗಿತ್ತು. ಅವನ ಕಪಾಳಕ್ಕೆ ಒಂದು ಕೊಡುವವರು ಯಾರೂ ಇರಲಿಲ್ಲ.

ಕಿರೀಟಪ್ಪನಿಗೆ ಈಗ ಊಟ ಹುಡುಕುವುದೇ ಕೆಲಸ. ಓತಿಕ್ಯಾತ ಹಿಡಿಯಲು ಹೋದರೆ ಅದಕ್ಕೆ ಆಗಲೇ ನಾಲ್ಕು ಜನ ಕಾದಿರುತ್ತಿದ್ದರು. ದಿನಕ್ಕೆ ಹತ್ತು ಸಲ ಬರುತ್ತಿದ್ದವನು ಎರಡು ಸಲ ಬಂದ, ಆಮೇಲೆ ಒಂದು ಸಲ. ಒಂದು ಜೀರುಂಡೆ, ಅರ್ಧ ಹಲ್ಲಿ. ಹೊನ್ನವ್ವ ಅದನ್ನೆಲ್ಲ ಮರಿಗೆ ಕೊಟ್ಟು ತಾನು ಬರೀ ಹೊಟ್ಟೆಯಲ್ಲಿ ಕೂತಳು. ಸೀಳಿನಿಂದ ಹಣ್ಣೆಲ್ಲಿ ಎಂದು ಕೇಳಿದರೆ ನಾಳೆ ಎಂದ.

ಇನ್ನು ಇರುವೆಗಳು. ಅವನ್ನು ತಿನ್ನುತ್ತಿದ್ದ ಕೆಂಚಣ್ಣ ಇಲ್ಲ, ತಿನ್ನಲು ಹುಳ ಬೇಕಾದಷ್ಟು ಸಿಕ್ಕಿತ್ತು. ಒಂದು ಗೂಡು ಇದ್ದಲ್ಲಿ ಇಪ್ಪತ್ತು ಗೂಡುಗಳಾಗಿದ್ದವು. ಈಗ ಹುಳ ಮುಗಿದಿತ್ತು, ಅವುಗಳ ಹಸಿವು ಮುಗಿದಿರಲಿಲ್ಲ. ಕಿರೀಟಪ್ಪ ಹಿರಿಯಳ ಬಳಿ ಹೋಗಿ ಕಾವಲು ಸಾಕು, ಇನ್ನು ಹೊರಡಿ ಎಂದ.

"ಎಲ್ಲಿಗೆ ಹೊರಡೋದು?" ಎಂದಳು ಇರುವೆ. "ನಾವು ಇಷ್ಟು ಜನ ಆಗೋ ಹಾಗೆ ಮಾಡಿದ್ದು ನೀನು. ನಮ್ಮ ಮಕ್ಕಳಿಗೂ ಹೊಟ್ಟೆ ಇದೆ. ಊಟ ಎಲ್ಲಿದೆಯೋ ಅಲ್ಲಿಗೆ ಹೋಗ್ತೀವಿ."

ನನಗೆ ಇರುವೆಯ ಮೇಲೆ ಸಿಟ್ಟಿಲ್ಲ, ಮಕ್ಕಳೇ. ಅದು ಇರುವೆ. ಹಸಿದರೆ ನಡೆಯುತ್ತದೆ, ಸಿಕ್ಕಿದ್ದನ್ನು ತಿನ್ನುತ್ತದೆ. ಆ ಎರಡನೆಯ ಅತ್ತಿಮರದ ಒಂದು ಕೊಂಬೆ ಹಳ್ಳದ ಮೇಲೆ ಚಾಚಿ ತಾರೆಮರವನ್ನು ಮುಟ್ಟುತ್ತಿತ್ತು. ಇರುವೆಗಳು ಸಾಲುಗಟ್ಟಿ ಆ ಕೊಂಬೆ ಹಿಡಿದು ನಡೆದವು.

ಸಾಲನ್ನು ನೋಡಿದ ಕೂಡಲೇ ಕಿರೀಟಪ್ಪನಿಗೆ ಜೀವ ಬಾಯಿಗೆ ಬಂತು. ಕೊಕ್ಕಿನಿಂದ ಬಡಿದ, ತುಳಿದ, ಹೊಸಕಿದ. ನೂರು ಸತ್ತರೆ ಸಾವಿರ ಬಂದವು. ಮಂಗಟ್ಟೆಯ ಕೊಕ್ಕು ಹಣ್ಣು ಕೀಳಲು ಇರುವುದು, ಇರುವೆ ಹೆಕ್ಕಲು ಅಲ್ಲ. ಆ ಕೆಲಸ ಬಲ್ಲವನು ಕೆಂಚಣ್ಣ ಒಬ್ಬನೇ. ಕಿರೀಟಪ್ಪ ಎರಡು ಗುಡ್ಡ ದಾಟಿ ಹಾರಿದ.

ಕೆಂಚಣ್ಣ ಒಂದು ಒಣಮರದಲ್ಲಿ ಸಿಕ್ಕಿದ. ಮಾತಾಡಿಸಿದರೆ ಬೆನ್ನು ತಿರುಗಿಸಿದ. ತನ್ನ ಎರಡು ಮಕ್ಕಳಲ್ಲಿ ಒಂದು, ಗುಡ್ಡ ದಾಟುವಾಗಲೇ ಬಿದ್ದು ಸತ್ತುಹೋಯಿತು ಎಂದು ಹೇಳಿದ. ಕಿರೀಟಪ್ಪ ಕೊಂಬೆಯ ಮೇಲೆ ತಲೆ ಬಗ್ಗಿಸಿ ಕೂತ. ಕಡೆಗೆ ಕೆಂಚಣ್ಣನ ಹೆಂಡತಿಯೇ ಬಾಯಿ ಬಿಟ್ಟಳು. ಒಳಗೆ ಸಿಕ್ಕಿಕೊಂಡಿರುವವಳು ಹೊನ್ನಕ್ಕ, ಇವನ ಮುಖ ನೋಡಿ ಅಲ್ಲ, ಅವಳ ಮುಖ ನೋಡಿ ಹೋಗೋಣ ಎಂದಳು. ಅವರು ಹೊರಟರು.

ಅಷ್ಟರೊಳಗೆ ಇರುವೆಗಳು ಸೀಳಿನ ಒಳಗೆ ಇಳಿದಿದ್ದವು. ಹೊನ್ನವ್ವ ಮರಿಯನ್ನು ಎದೆಯಡಿ ಅಡಗಿಸಿಕೊಂಡು ಬಂದ ಇರುವೆಗಳನ್ನು ಬಂದ ಹಾಗೇ ಕಚ್ಚಿ ಎಸೆದಳು. ಮರಿಗೆ ಇನ್ನೂ ಗರಿ ಬಂದಿರಲಿಲ್ಲ, ಮೈಯೆಲ್ಲ ಬರೀ ಚರ್ಮ. ಅವಳ ಕಣ್ಣಿಗೂ ಕಚ್ಚಿದವು. ಗೋಡೆ ಒಡೆದು ಓಡೋಣವೆಂದರೆ ರೆಕ್ಕೆಯಲ್ಲಿ ಗರಿಯಿಲ್ಲ, ಮರಿಯನ್ನು ಎತ್ತಿಕೊಂಡು ಹೋಗಲು ಮಂಗಟ್ಟೆಗೆ ಬರುವುದಿಲ್ಲ. ಆದ್ದರಿಂದ ಅವಳು ಕೂತಲ್ಲೇ ಕೂತು ಹೋರಾಡಿದಳು.

ಕೆಂಚಣ್ಣನ ಕುಟುಂಬ ಬಂದು ಸಾಲನ್ನು ಹೆಕ್ಕಿತು. ಸಂಜೆಯ ಹೊತ್ತಿಗೆ ತಾರೆಮರದಲ್ಲಿ ಒಂದು ಇರುವೆ ಉಳಿಯಲಿಲ್ಲ. ಆದರೆ ಮರಿ ಸತ್ತಿತ್ತು.

ಮರಿ ಹೇಗೋ ಬದುಕಿತು ಎಂದು ಹೇಳಿ ನಿಮ್ಮನ್ನು ಸಮಾಧಾನ ಮಾಡಬಹುದಿತ್ತು. ಮಾಡುವುದಿಲ್ಲ. ಹಾಗೆ ಹೇಳಿದರೆ ಆ ಮರಿಗೆ ಮೋಸ ಮಾಡಿದ ಹಾಗೆ.

ಹೊನ್ನವ್ವ ಒಳಗಿನಿಂದ ಗೋಡೆಯನ್ನು ಕುಟ್ಟಿ ಕುಟ್ಟಿ ಒಡೆದಳು. ಹೊರಗೆ ಬಂದು ಕೊಂಬೆಯ ಮೇಲೆ ನಿಂತಳು. ಮೈಯೆಲ್ಲ ಬಾತಿತ್ತು. ಕಿರೀಟಪ್ಪ ಹತ್ತಿರ ಬಂದು, ಎಲ್ಲ ನಿನಗೋಸ್ಕರ ಮಾಡಿದೆ ಹೊನ್ನಿ ಎಂದ. ಅದುವರೆಗೆ ಗಂಡನನ್ನು ನೀವು ಎನ್ನುತ್ತಿದ್ದವಳು ಅವತ್ತು ಹಾಗೆನ್ನಲಿಲ್ಲ.

"ನನಗೋಸ್ಕರ ಮಾಡಿದ್ದಲ್ಲ," ಎಂದಳು. "ಮುಸುವ ನಕ್ಕನಲ್ಲ, ಅದಕ್ಕೋಸ್ಕರ ಮಾಡಿದ್ದು. ನಾನು ಊಟ ಕೇಳಿದೆ. ಹುಳ ಇಲ್ಲದ ಊಟ ಬೇಕು ಅಂತ ಕೇಳಿದ್ದು ಯಾರು? ಹುಳ ಕೊಂದೆ, ಹಣ್ಣು ಹೋಯಿತು. ಕೆಂಚಣ್ಣನ್ನ ಓಡಿಸಿದೆ, ಇರುವೆ ಬಂತು. ಬೇಡ ಅಂತ ಅಜ್ಜಿ ಹೇಳಿದಳು, ನಾನೂ ಹೇಳಿದೆ. ನಮ್ಮಿಬ್ಬರ ಮಾತಿಗಿಂತ ಆ ಮಂಗನ ನಗು ದೊಡ್ಡದಾಯಿತಾ ನಿನಗೆ?"



ಹೊನ್ನವ್ವ ಹಾರಲಾರದೆ ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸಿಕೊಂಡು ಹೊರಟಳು. ಗರಿ ಬರುವವರೆಗೆ ಅವಳಿಗೆ ಊಟ ಕೊಟ್ಟದ್ದು ಕುಟ್ರಜ್ಜಿ ಮತ್ತು ಮರಕುಟಿಗನ ಹೆಂಡತಿ. ಮಳೆ ಬೀಳುವ ಮುಂಚೆ ಎಲ್ಲಿಂದಲೋ ಗಾಳಿಯಲ್ಲಿ ಒಂದಷ್ಟು ಅತ್ತಿಹುಳಗಳು ತೇಲಿ ಬಂದವು. ಮೂರನೆಯ ಮರದಲ್ಲಿ ಆಗ ಎಳೆಕಾಯಿ ಇತ್ತು. ಕೆಂಚಣ್ಣ ಅಲ್ಲಿ ಇರುವೆಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದ. ಆ ಮರದಲ್ಲಿ ಇಪ್ಪತ್ತೋ ಮೂವತ್ತೋ ಹಣ್ಣಾದವು. ಅಷ್ಟರಿಂದ ಮತ್ತೆ ಶುರುವಾಗಬೇಕಿತ್ತು.

ಮುಂದಿನ ವರ್ಷ ಮೊಟ್ಟೆಯ ಕಾಲ ಬಂತು. ಅತ್ತಿಯಲ್ಲಿ ಅಲ್ಪಸ್ವಲ್ಪ ಹಣ್ಣೂ ಇತ್ತು, ಹಣ್ಣಿನಲ್ಲಿ ಹುಳವೂ ಇತ್ತು. ಕಿರೀಟಪ್ಪ ತಾರೆಮರದ ಪೊಟರೆಯನ್ನು ಗುಡಿಸಿ, ಗೋಡೆಗೆ ಬೇಕಾದ ಹಸಿಮಣ್ಣನ್ನು ಕೊಕ್ಕಿನಲ್ಲಿ ಹಿಡಿದು ಹೊನ್ನವ್ವನಿಗೆ ಕಾದ. ಅವಳು ಬಂದಳು. ಪೊಟರೆಯ ಬಾಯಲ್ಲಿ ನಿಂತು ಒಳಗೆ ನೋಡಿದಳು.

"ಗೋಡೆ ಕಟ್ಟಿಸಿಕೊಂಡು ಕೂರಬೇಕು ಅಂದರೆ ಹೊರಗೆ ಇರೋನ ಮೇಲೆ ನಂಬಿಕೆ ಇರಬೇಕು," ಎಂದಳು. "ನನಗೆ ಇಲ್ಲ."

ಅವಳು ಹಾರಿಹೋದಳು. ಕಿರೀಟಪ್ಪನ ಕೊಕ್ಕಿನಲ್ಲಿದ್ದ ಮಣ್ಣು ಒಣಗಿತು. ಆ ವರ್ಷ ಆ ಕಾಡಿನಲ್ಲಿ ಮಂಗಟ್ಟೆ ಮರಿ ಹುಟ್ಟಲಿಲ್ಲ.

ನೀತಿ: ಒಬ್ಬರ ಊಟ ಇನ್ನೊಬ್ಬರ ಬದುಕಿನ ಮೇಲೆ ನಿಂತಿರುತ್ತದೆ, ಯಾವ ಜೀವ ಯಾವುದನ್ನು ಸಾಕುತ್ತಿದೆ ಎಂದು ತಿಳಿಯದೆ, ತಿಳಿದವರು ಹೇಳಿದರೂ ಕೇಳದೆ, ಒಂದು ಹುಳವನ್ನೂ ಬೇಡವೆಂದು ಕಿತ್ತುಹಾಕಬಾರದು.